ಕಂದಹಾರದ ಒಂದು ಸಾಲು: ಪ್ರಾಚೀನ ಅರಾಮಿಕ್ ಓದುವುದನ್ನು ಮನೆಯಲ್ಲೇ ಕಲಿಯುವ ಬಗೆ

ಶಿವಮೊಗ್ಗದಿಂದ ಹೊರಟು ಚಿತ್ರದುರ್ಗವನ್ನು ದಾಟಿ ಮೊಳಕಾಲ್ಮೂರು ತಾಲ್ಲೂಕಿಗೆ ಹೋದರೆ, ಬ್ರಹ್ಮಗಿರಿಯ ತಪ್ಪಲಿನಲ್ಲಿ ಊರಿನವರು ಅಕ್ಷರಗುಂಡು ಎಂದು ಕರೆಯುವ ಬಂಡೆಯೊಂದಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನ ಅದರ ಮೇಲಿದೆ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ ಎಡದಿಂದ ಬಲಕ್ಕೆ ಸಾಗುತ್ತದೆ. ಆದರೆ ಕೊನೆಯಲ್ಲಿ ಅದನ್ನು ಬರೆದ ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನು ಹೇಳಿ, ‘ಲಿಪಿಕರೇಣ’ ಎಂಬ ಒಂದೇ ಒಂದು ಪದವನ್ನು ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಹುಟ್ಟಿದ್ದು ಅರಾಮಿಕ್ ಲಿಪಿಯಿಂದ. ಸಿರಿಯಾದ ಬಯಲಿನಲ್ಲಿ ಹುಟ್ಟಿದ ಅಕ್ಷರಗಳ ಮೊಮ್ಮಕ್ಕಳು ಕನ್ನಡ ನಾಡಿನ ಬಂಡೆಯೊಂದರ ಮೇಲೆ ಇಪ್ಪತ್ತೆರಡು ಶತಮಾನಗಳಿಗೂ ಹೆಚ್ಚು ಕಾಲದಿಂದ ಕುಳಿತಿವೆ ಎಂಬ ಸಂಗತಿಯೇ ನನ್ನನ್ನು ಈ ಭಾಷೆಯ ಕಡೆಗೆ ಎಳೆಯಿತು.

ಅರಾಮಿಕ್ ಕಲಿಯಬೇಕೆಂದು ಬಯಸುವವರು ಸಾಮಾನ್ಯವಾಗಿ ಧರ್ಮಗ್ರಂಥದಿಂದ ಆರಂಭಿಸುತ್ತಾರೆ. ಅದು ತಪ್ಪಲ್ಲ, ಆದರೂ ನನ್ನ ಅನುಭವದಲ್ಲಿ ಕಚೇರಿಯ ಬರಹದಿಂದ ಆರಂಭಿಸಿದವರಿಗೆ ಹಾದಿ ಬೇಗ ತೆರೆಯುತ್ತದೆ. ಏಕೆಂದರೆ ಪ್ರಾಚೀನ ಜಗತ್ತಿನಲ್ಲಿ ಈ ಭಾಷೆಯನ್ನು ಹೊತ್ತು ನಡೆದವರು ಗುಮಾಸ್ತರು, ಶಾನುಭೋಗರಂಥವರು, ಪತ್ರ ಬರೆಯುವವರು. ಅವರ ಬರಹದಲ್ಲಿ ಸಿದ್ಧ ಮಾತುಗಳು ಮತ್ತೆ ಮತ್ತೆ ಬರುತ್ತವೆ, ಮತ್ತೆ ಮತ್ತೆ ಬರುವುದನ್ನು ಕಣ್ಣು ಬೇಗ ಹಿಡಿಯುತ್ತದೆ. ಆದ್ದರಿಂದ ಇಲ್ಲಿ ನಾನು ಇಟ್ಟುಕೊಂಡಿರುವ ಗುರಿ ಚಿಕ್ಕದು: ಅಫ್ಘಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ಸಿಕ್ಕ ಅಶೋಕನ ದ್ವಿಭಾಷಾ ಶಾಸನದ ಅರಾಮಿಕ್ ಭಾಗದ ಮೊದಲ ಸಾಲನ್ನು ಓದುವುದು. ಆ ಬಂಡೆಯಲ್ಲಿ ಮೇಲೆ ಗ್ರೀಕ್, ಕೆಳಗೆ ಅರಾಮಿಕ್. ಮಳೆಗಾಲದ ಸಂಜೆಗಳಲ್ಲಿ ದಿನಕ್ಕೆ ಅರ್ಧ ಗಂಟೆ ಕೂತರೆ ಎರಡು ತಿಂಗಳಿನೊಳಗೆ ಈ ಗುರಿ ಮುಟ್ಟಬಹುದು.

ಅಕ್ಷರಕ್ಕೆ ಕೈಹಾಕುವ ಮುನ್ನ ಈ ಭಾಷೆ ಅಷ್ಟು ದೂರ ಹೇಗೆ ಹೋಯಿತೆಂಬುದನ್ನು ತಿಳಿದಿರಬೇಕು, ಇಲ್ಲವಾದರೆ ಕಂದಹಾರದಲ್ಲಿ ಅರಾಮಿಕ್ ಏಕಿದೆ ಎಂಬುದೇ ಅರ್ಥವಾಗುವುದಿಲ್ಲ. ಅರಾಮಿಯರು ದೊಡ್ಡ ಸಾಮ್ರಾಜ್ಯ ಕಟ್ಟಿದವರಲ್ಲ; ದಮಾಸ್ಕಸ್, ಹಮಾತ್, ಅರ್ಪಾದ್ ಮುಂತಾದ ಸಣ್ಣ ರಾಜ್ಯಗಳ ಜನ. ಅಸ್ಸೀರಿಯದ ಮೂರನೆಯ ತಿಗ್ಲತ್‌ಪಿಲೇಸರ್ ಕ್ರಿ.ಪೂ. 740ರಲ್ಲಿ ಅರ್ಪಾದನ್ನೂ 732ರಲ್ಲಿ ದಮಾಸ್ಕಸನ್ನೂ ಗೆದ್ದು, ಗೆದ್ದ ನಾಡಿನ ಜನರನ್ನು ಗುಂಪುಗುಂಪಾಗಿ ಎತ್ತಿ ಬೇರೆ ಬೇರೆ ಪ್ರಾಂತಗಳಲ್ಲಿ ನೆಲೆಗೊಳಿಸಿದ. ಸೋತವರ ಭಾಷೆ ಹೀಗೆ ಗೆದ್ದವರ ನಾಡಿನ ತುಂಬ ಹರಡಿತು. ಗೆದ್ದವರ ಅಕ್ಕಾಡಿಯನ್ ಭಾಷೆಯನ್ನು ಹಸಿ ಮಣ್ಣಿನ ಹಲಗೆಯ ಮೇಲೆ ನೂರಾರು ಬೆಣೆಯಾಕಾರದ ಗುರುತುಗಳಿಂದ ಒತ್ತಿ ಬರೆಯಬೇಕಾಗಿತ್ತು. ಅರಾಮಿಕ್‌ಗೆ ಇಪ್ಪತ್ತೆರಡು ಅಕ್ಷರ, ಒಂದು ಲೇಖನಿ, ಒಂದು ತುಂಡು ಚರ್ಮ ಅಥವಾ ಪಪೈರಸ್ ಎಂಬ ಜೊಂಡಿನ ಹಾಳೆ ಸಾಕಾಗಿತ್ತು. ಅಸ್ಸೀರಿಯದ ಅರಮನೆಗಳ ಗೋಡೆಯ ಉಬ್ಬುಶಿಲ್ಪಗಳಲ್ಲಿ ಯುದ್ಧದ ಲೂಟಿಯನ್ನು ಲೆಕ್ಕ ಬರೆಯುವ ಇಬ್ಬರು ಬರಹಗಾರರು ಅಕ್ಕಪಕ್ಕ ನಿಂತಿರುವುದನ್ನು ಕಾಣಬಹುದು: ಒಬ್ಬನ ಕೈಯಲ್ಲಿ ಹಲಗೆ, ಇನ್ನೊಬ್ಬನ ಕೈಯಲ್ಲಿ ಸುರುಳಿ. ಮುಂದಿನ ಕಾಲ ಸುರುಳಿ ಹಿಡಿದವನದಾಯಿತು.

ಕ್ರಿ.ಪೂ. 539ರಲ್ಲಿ ಪರ್ಷಿಯದ ಸೈರಸ್ ಬಾಬಿಲೋನನ್ನು ತೆಗೆದುಕೊಂಡಾಗ ಈ ಕಚೇರಿ ವ್ಯವಸ್ಥೆಯೂ ಅವನ ಕೈಗೆ ಬಂತು. ದೊರೆಯ ಮನೆಮಾತು ಪರ್ಷಿಯನ್. ಪತ್ರ ಮಾತ್ರ ಅರಾಮಿಕ್. ಹೇಳಿಸಿದ್ದು ಒಂದು ಭಾಷೆಯಲ್ಲಿ, ಬರೆದದ್ದು ಎರಡನೆಯದರಲ್ಲಿ, ತಲುಪಿದ ಊರಿನಲ್ಲಿ ಓದಿ ಹೇಳಿದ್ದು ಮೂರನೆಯದರಲ್ಲಿ. ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ತುಳುವನ್ನೋ ಉರ್ದುವನ್ನೋ ಆಡಿ, ಜಮೀನಿನ ಕಾಗದದಲ್ಲಿ ಜಮಾಬಂದಿ, ತಹಶೀಲ್ದಾರ ಎಂಬ ಪರ್ಷಿಯನ್, ಅರಬ್ಬಿ ಮೂಲದ ಮಾತುಗಳನ್ನು ದಿನವೂ ಬಳಸುವ ನಮಗೆ, ಆಡಳಿತದ ಭಾಷೆ ಬೇರೆ ದಿಕ್ಕಿನಿಂದ ಬಂದು ಮನೆಯೊಳಗೆ ಉಳಿದುಬಿಡುವುದು ಹೊಸದಲ್ಲ. ಕ್ರಿ.ಪೂ. 330ರ ಹೊತ್ತಿಗೆ ಅಲೆಕ್ಸಾಂಡರನ ದಂಡಯಾತ್ರೆಯಿಂದ ಪರ್ಷಿಯದ ಸಾಮ್ರಾಜ್ಯ ಮುಗಿದರೂ ಅದರ ಗುಮಾಸ್ತರ ಭಾಷೆ ಪೂರ್ವದ ಪ್ರಾಂತಗಳಲ್ಲಿ ಮುಂದುವರಿಯಿತು. ತಕ್ಷಶಿಲೆ, ಲಘ್‌ಮಾನ್ ಮತ್ತು ಕಂದಹಾರಗಳಲ್ಲಿ ಅಶೋಕನ ಅಧಿಕಾರಿಗಳು ಅರಾಮಿಕ್ ಬಳಸಿದ್ದು ಅಲ್ಲಿ ಅದನ್ನು ಓದಬಲ್ಲವರು ಇನ್ನೂ ಇದ್ದ ಕಾರಣಕ್ಕೆ.

ಈಗ ಅಕ್ಷರಗಳು. ಆಲೆಫ್, ಬೇತ್, ಗೀಮೆಲ್, ದಾಲೆತ್, ಹೇ, ವಾವ್, ಜಾಯಿನ್, ಹೇತ್, ತೇತ್, ಯೋದ್, ಕಾಫ್, ಲಾಮೆದ್, ಮೇಮ್, ನೂನ್, ಸಾಮೆಖ್, ಅಯಿನ್, ಪೇ, ಸಾದೇ, ಕೋಫ್, ರೇಶ್, ಶೀನ್, ತಾವ್: ಈ ಇಪ್ಪತ್ತೆರಡನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಳ್ಳಿರಿ. ಹಲವು ಹೆಸರುಗಳಿಗೆ ಅರ್ಥವಿದೆ, ಅದು ನೆನಪಿಗೆ ನೆರವಾಗುತ್ತದೆ: ಬೇತ್ ಎಂದರೆ ಮನೆ, ಅಯಿನ್ ಎಂದರೆ ಕಣ್ಣು, ರೇಶ್ ಎಂದರೆ ತಲೆ, ಶೀನ್ ಎಂದರೆ ಹಲ್ಲು, ನೂನ್ ಎಂದರೆ ಮೀನು. ಆ ಮೀನನ್ನು ಮರೆಯಬೇಡಿರಿ, ಕಂದಹಾರದ ಶಾಸನದಲ್ಲಿ ಅದು ಮತ್ತೆ ಎದುರಾಗುತ್ತದೆ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳುವುದು ಓದುಗರಿಗೆ ಉಪಯೋಗವಾದೀತು. ಅಚ್ಚಾದ ಆವೃತ್ತಿಗಳೆಲ್ಲ ಪ್ರಾಚೀನ ಅರಾಮಿಕ್ ಪಠ್ಯವನ್ನು ಇಂದಿನ ಹೀಬ್ರೂ ಚೌಕಾಕ್ಷರಗಳಲ್ಲಿ ಕೊಡುತ್ತವೆ. ಆ ಚೌಕಾಕ್ಷರಗಳು ಅರಾಮಿಕ್ ಅಕ್ಷರಗಳೇ ಬೆಳೆದು ಪಡೆದ ರೂಪ. ನಾನು ಅವನ್ನಷ್ಟೇ ಕಲಿತೆ. ನಾಲ್ಕು ತಿಂಗಳ ಬಳಿಕ ನಿಜವಾದ ಪಪೈರಸ್‌ನ ಚಿತ್ರವನ್ನು ಎದುರಿಗಿಟ್ಟುಕೊಂಡಾಗ ಒಂದು ಪದವೂ ಬಿಡಿಸಲಾಗಲಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ನೋಟ್‌ಬುಕ್ಕಿನ ಪ್ರತಿ ಪುಟವನ್ನೂ ಉದ್ದಕ್ಕೆ ಎರಡು ಕಂಬಸಾಲಾಗಿ ಮಾಡಿ, ಬಲಗಡೆ ಕ್ರಿ.ಪೂ. ಐದನೆಯ ಶತಮಾನದ ಕೈಬರಹದ ರೂಪವನ್ನೂ ಎಡಗಡೆ ಅಚ್ಚಿನ ಚೌಕ ರೂಪವನ್ನೂ ಒಟ್ಟಿಗೇ ಬರೆಯಿರಿ. ಹಳೆಯ ರೂಪಗಳನ್ನು ಕಂಪ್ಯೂಟರಿನಲ್ಲಿ ನೋಡಲು ತೊಂದರೆಯಿಲ್ಲ. 2009ರಿಂದ ಯೂನಿಕೋಡ್‌ನಲ್ಲಿ ಸಾಮ್ರಾಜ್ಯ ಕಾಲದ ಅರಾಮಿಕ್ ಲಿಪಿಗೆ ಪ್ರತ್ಯೇಕ ಸ್ಥಾನವಿದೆ, ನೋಟೋ ಫಾಂಟುಗಳಲ್ಲಿ ಅದು ಉಚಿತವಾಗಿ ಸಿಗುತ್ತದೆ. ಆದರೂ ಫಾಂಟಿನ ಅಕ್ಷರ ನುಣುಪಾದದ್ದು. ನಿಜವಾದ ಕೈಬರಹ ತಿಳಿಯಬೇಕಾದರೆ ಲಿಪಿತಜ್ಞೆ ಅದಾ ಯಾರ್ದೇನಿ ಅವರು ಈಜಿಪ್ಟಿನ ಪಪೈರಸ್‌ಗಳನ್ನು ನೋಡಿ ಕೈಯಿಂದಲೇ ತೆಗೆದ ನಕಲುಗಳನ್ನು ನೋಡಬೇಕು.

ಬರೆಯುವುದಕ್ಕೆ ಬಾಲ್‌ಪೆನ್ ಬೇಡ. ತುದಿಯನ್ನು ಓರೆಯಾಗಿ ಕತ್ತರಿಸಿದ ಬಿದಿರುಕಡ್ಡಿಯನ್ನು, ಹಿರಿಯರು ಲೆಕ್ಕಣಿಕೆ ಎನ್ನುತ್ತಿದ್ದ ಆ ಸಾಧನವನ್ನು, ಮಸಿಯಲ್ಲಿ ಅದ್ದಿ ಬರೆದರೆ ಗೆರೆ ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ಸಣ್ಣದಾಗುತ್ತದೆ ಎಂಬುದು ಕೈಗೇ ತಿಳಿಯುತ್ತದೆ. ಅಕ್ಷರಗಳ ತಲೆಗಳು ಒಂದೇ ಮಟ್ಟದಲ್ಲಿರಲಿ, ಕಾಲುಗಳು ಉದ್ದಗಿಡ್ಡವಾಗಿ ಇಳಿಬಿದ್ದಿರಲಿ. ಗೆರೆಯ ಮೇಲೆ ಕೂರಿಸುವ ಬದಲು ಗೆರೆಗೆ ತೂಗುಹಾಕಿದಂತೆ ಬರೆಯಿರಿ. ಬಲದಿಂದ ಎಡಕ್ಕೆ ಬರೆಯುವ ಅಭ್ಯಾಸಕ್ಕೆ ಒಂದು ವಾರ ಸಾಕು.

ಅತ್ಯಂತ ಹೆಚ್ಚು ಕಾಡುವವು ದಾಲೆತ್ ಮತ್ತು ರೇಶ್. ಕೈಬರಹದಲ್ಲಿ ಎರಡೂ ಬಾಗಿದ ತಲೆಯ ಒಂದೊಂದು ಕಡ್ಡಿಗಳು, ಹೆಚ್ಚುಕಡಿಮೆ ಒಂದೇ. ಕನ್ನಡದಲ್ಲಿ ಪ ಮತ್ತು ಫ, ಬ ಮತ್ತು ಭ ಸೀಳಿನಿಂದ ಮಾತ್ರ ಬೇರೆಯಾಗುತ್ತವೆ, ಸೀಳು ಅಳಿಸಿಹೋದರೆ ಪದದಿಂದಲೇ ಅಕ್ಷರವನ್ನು ಊಹಿಸುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಬೇಕು. ಅಕ್ಷರದಿಂದ ಪದಕ್ಕೆ ಹೋಗುವಷ್ಟೇ ಸಲ ಪದದಿಂದ ಅಕ್ಷರಕ್ಕೆ ಹಿಂದಿರುಗಬೇಕು.

ಕನ್ನಡಿಗರಿಗೆ ನಿಜವಾಗಿ ಕಷ್ಟವಾಗುವುದು ಮುಂದಿನ ಹೆಜ್ಜೆ. ನಮ್ಮ ಲಿಪಿಯಲ್ಲಿ ವ್ಯಂಜನದ ಜೊತೆ ಸ್ವರ ಇದ್ದೇ ಇರುತ್ತದೆ. ಅದನ್ನು ತೆಗೆಯಲು ಕೊಂಡಿ ಹಾಕಬೇಕು. ಅರಾಮಿಕ್ ಬರಹದಲ್ಲಿ ಸ್ವರಗಳನ್ನು ಬಹುಪಾಲು ಬರೆಯುವುದೇ ಇಲ್ಲ. ವಾವ್, ಯೋದ್, ಆಲೆಫ್, ಹೇ ಕೆಲವೆಡೆ ದೀರ್ಘ ಸ್ವರದ ಸುಳಿವು ಕೊಡುತ್ತವೆ, ಅಷ್ಟೆ. ಆದ್ದರಿಂದ ಪ್ರತಿ ಪದವನ್ನೂ ಮೊದಲು ಅರ್ಧಾಕ್ಷರಗಳಾಗಿ ಬಿಡಿಸಿ ಬರೆಯಿರಿ: ‘ಮ್-ಲ್-ಕ್-ಆಲೆಫ್’. ಆಮೇಲೆ ಮೂರು ವ್ಯಂಜನಗಳ ಧಾತು ಯಾವುದೆಂದು ನೋಡಿರಿ: ಮ್-ಲ್-ಕ್. ಇದು ಆಳುವಿಕೆ, ಒಡೆತನಗಳ ಧಾತು. ಅರಬ್ಬಿಯ ಮೂಲಕ ನಮಗೆ ಬಂದ ‘ಮಾಲೀಕ’ ಇದೇ ಧಾತುವಿನದು. ಕೊನೆಯ ಆಲೆಫ್ ‘ಆ’ ಎಂಬ ಪ್ರತ್ಯಯ, ಗೊತ್ತಿರುವ ವ್ಯಕ್ತಿ ಅಥವಾ ವಸ್ತುವನ್ನು ಬೆರಳು ಮಾಡಿ ತೋರಿಸುವಂಥದು. ಹಾಗಾಗಿ ‘ಮಲ್ಕಾ’ ಎಂದರೆ ಆ ದೊರೆ, ದೊರೆಯವರು.

ಸ್ವರವಿಲ್ಲದ ಬರಹ ಎಷ್ಟು ದಾರಿಗಳನ್ನು ತೆರೆದಿಡುತ್ತದೆ ಎಂಬುದಕ್ಕೆ ಬೈಬಲಿನ ದಾನಿಯೇಲನ ಪುಸ್ತಕದ ಐದನೆಯ ಅಧ್ಯಾಯಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಬಾಬಿಲೋನಿನ ಔತಣದ ಮನೆಯ ಗೋಡೆಯ ಮೇಲೆ ಕೈಯೊಂದು ಬರೆದ ‘ಮೆನೇ ಮೆನೇ ತೆಕೇಲ್ ಉಫರ್ಸೀನ್’ ಎಂಬ ಬರಹವನ್ನು ನಾಮಪದಗಳಾಗಿ ಓದಿದರೆ ಅವು ತೂಕದ ಹೆಸರುಗಳು: ಮಿನಾ, ಮಿನಾ, ಶೆಕೆಲ್, ಅದರ ಹಿಂದೆಯೇ ಅರ್ಧ ಮಿನಾಗಳು. ಅದೇ ವ್ಯಂಜನಗಳನ್ನು ಕ್ರಿಯಾಪದಗಳಾಗಿ ಓದಿದರೆ ‘ಎಣಿಸಿದೆ, ತೂಗಿದೆ, ಪಾಲು ಮಾಡಿದೆ’ ಎಂದಾಗುತ್ತದೆ. ಕೊನೆಯ ಪ್-ರ್-ಸ್ ಎಂಬ ಧಾತುವಿನೊಳಗೆ ಪರ್ಷಿಯದ ಹೆಸರೂ ಕೇಳಿಸುತ್ತದೆ. ಅಂಗಡಿಯ ತೂಕದ ಪಟ್ಟಿಯೊಂದು ದೊರೆಯ ಮೇಲಿನ ತೀರ್ಪಾಗಿಬಿಡುತ್ತದೆ. ಮಂಡಿಯಲ್ಲಿ ಹಿಂದೆ ಅಡಿಕೆ ತೂಗುತ್ತಿದ್ದ ನಮ್ಮ ‘ಮಣ’ವೂ ಈ ಮಿನಾದ ಕುಲದ್ದೇ ಎಂದು ಅನೇಕ ನಿಘಂಟುಕಾರರು ಹೇಳುತ್ತಾರೆ. ಈ ಭಾಗವನ್ನು ಸ್ವರಚಿಹ್ನೆಗಳಿಲ್ಲದ ಪಠ್ಯದಲ್ಲಿ ಒಮ್ಮೆ, ಸ್ವರಚಿಹ್ನೆಗಳಿರುವ ಪಠ್ಯದಲ್ಲಿ ಒಮ್ಮೆ ಓದಿ ಹೋಲಿಸಿರಿ. ದಾನಿಯೇಲನ ಪುಸ್ತಕ ಎರಡನೆಯ ಅಧ್ಯಾಯದ ನಾಲ್ಕನೆಯ ವಚನದ ನಡುವಿನಿಂದ ಏಳನೆಯ ಅಧ್ಯಾಯದ ಕೊನೆಯವರೆಗೆ ಅರಾಮಿಕ್‌ನಲ್ಲಿಯೇ ಇದೆ.

ವ್ಯಾಕರಣದಲ್ಲಿ ಸದ್ಯಕ್ಕೆ ಎರಡೇ ವಿಷಯ ಬೇಕು. ನಮ್ಮಲ್ಲಿ ಹೆಸರಿನ ಹಿಂದೆ ಬರುವ ‘ಅಲ್ಲಿ’, ‘ಗೆ’ ಎಂಬ ವಿಭಕ್ತಿ ಪ್ರತ್ಯಯಗಳ ಕೆಲಸವನ್ನು ಅರಾಮಿಕ್‌ನಲ್ಲಿ ಹೆಸರಿನ ಮುಂದೆ ಅಂಟುವ ಬೇತ್ ಮತ್ತು ಲಾಮೆದ್ ಮಾಡುತ್ತವೆ. ಯೇಬ್ ಎಂಬುದು ಊರಿನ ಹೆಸರಾದರೆ ‘ಬ್-ಯೇಬ್’ ಎಂದರೆ ಯೇಬಿನಲ್ಲಿ. ಎರಡನೆಯದು ಜಾಯಿನ್-ಯೋದ್ ಎಂದು ಬರೆಯುವ ‘ಜೀ’ ಎಂಬ ಚಿಕ್ಕ ಪದ; ಇದು ‘ಯಾವನು, ಯಾವುದು’ ಎಂಬ ಸಂಬಂಧವನ್ನೂ ‘ಇನ’ ಎಂಬ ಷಷ್ಠಿಯನ್ನೂ ತಿಳಿಸುತ್ತದೆ. ಸಾಮ್ರಾಜ್ಯ ಕಾಲದ ಅರಾಮಿಕ್‌ನಲ್ಲಿ ಅಕ್ಕಾಡಿಯನ್ ಮತ್ತು ಪರ್ಷಿಯನ್ ಪ್ರಭಾವದಿಂದ ಕ್ರಿಯಾಪದ ಎಷ್ಟೋ ಕಡೆ ವಾಕ್ಯದ ಕೊನೆಗೆ ಸರಿಯುತ್ತದೆ, ಇದು ಕನ್ನಡದ ಕಿವಿಗೆ ಹಿತವಾಗಿಯೇ ಇರುತ್ತದೆ.

ಈಗ ಒಂದು ಅರ್ಜಿಯನ್ನು ಓದೋಣ. ಈಜಿಪ್ಟಿನ ದಕ್ಷಿಣದ ಗಡಿಯಲ್ಲಿ, ನೈಲ್ ನದಿಯ ನಡುವಿನ ಎಲಿಫೆಂಟೈನ್ ದ್ವೀಪದಲ್ಲಿ, ಪರ್ಷಿಯದ ಕೋಟೆಯನ್ನು ಕಾಯುತ್ತಿದ್ದ ಯೆಹೂದಿ ಪಡೆಯವರ ವಸತಿಯಿತ್ತು. ಆ ಊರಿನ ಹೆಸರೇ ಯೇಬ್. ಕ್ರಿ.ಪೂ. 410ರಲ್ಲಿ ಅವರ ದೇವಾಲಯವನ್ನು ಖ್ನೂಮ್ ದೇವರ ಅರ್ಚಕರು ಅಲ್ಲಿನ ಅಧಿಕಾರಿಯ ಬೆಂಬಲದಿಂದ ಕೆಡವಿಸಿದರು. ಅದನ್ನು ಮತ್ತೆ ಕಟ್ಟಲು ಅಪ್ಪಣೆ ಕೊಡಿಸಬೇಕೆಂದು ಬೇಡಿ 407ರಲ್ಲಿ ಅವರು ಯೆಹೂದ ಪ್ರಾಂತದ ಅಧಿಪತಿಗೆ ಬರೆದ ಪತ್ರದ ಎರಡು ಪ್ರತಿಗಳು ಸಿಕ್ಕಿವೆ. ಅಂದಿನಿಂದ ನಾವು ಗೋಣಿತಟ್ಟು ಉಟ್ಟು ಉಪವಾಸವಿದ್ದೇವೆ, ನಮ್ಮ ಹೆಂಡಿರು ವಿಧವೆಯರಂತಾಗಿದ್ದಾರೆ, ಎಣ್ಣೆ ಹಚ್ಚಿಲ್ಲ, ದ್ರಾಕ್ಷಾರಸ ಕುಡಿದಿಲ್ಲ ಎಂದು ಅದರಲ್ಲಿ ಬರೆದಿದ್ದಾರೆ. ಇದನ್ನು ಮೂಲದಲ್ಲಿ ಓದಿದ ದಿನ ನನಗೆ ಬೇರೇನನ್ನೂ ಓದಲಾಗಲಿಲ್ಲ.

ಆ ಪತ್ರದ ಆರಂಭ ಹೀಗಿದೆ: ‘ಎಲ್ ಮಾರನ್ ಬಗೋಹಿ ಪಹತ್ ಯೆಹೂದ್’, ಅಂದರೆ ‘ನಮ್ಮ ಒಡೆಯರಾದ ಯೆಹೂದದ ಅಧಿಪತಿ ಬಗೋಹಿ ಅವರಿಗೆ’. ಮುಂದೆ ‘ತಮ್ಮ ಸೇವಕರು’ ಎಂಬ ಪದ. ಅದರ ಧಾತು ಅಯಿನ್-ಬೇತ್-ದಾಲೆತ್, ಅಬ್ದುಲ್ ಎಂಬ ಹೆಸರಿನಲ್ಲಿ ನಾವು ದಿನವೂ ಕೇಳುವ ‘ಅಬ್ದ್’. ಆಮೇಲೆ ‘ಶ್-ಲ್-ಮ್’, ಅಂದರೆ ಕ್ಷೇಮ, ನಮ್ಮ ‘ಸಲಾಮು’ ಬಂದ ಧಾತು: ‘ನಮ್ಮ ಒಡೆಯರ ಕ್ಷೇಮವನ್ನು ಸ್ವರ್ಗದ ದೇವರು ಎಲ್ಲ ಕಾಲದಲ್ಲಿಯೂ ಹೇರಳವಾಗಿ ವಿಚಾರಿಸಲಿ’. ಹೆಸರು, ಪದವಿ, ಬರೆಯುವವರ ವಿನಯ, ಕ್ಷೇಮದ ಹಾರೈಕೆ, ಆಮೇಲೆ ವಿಷಯ. ಈ ಕ್ರಮವನ್ನು ಮನನ ಮಾಡಿಕೊಂಡರೆ ಹರಿದುಹೋದ ಪತ್ರದಲ್ಲಿಯೂ ಯಾವ ಜಾಗದಲ್ಲಿ ಯಾವ ಪದ ಇರಬೇಕೆಂದು ಹೇಳಬಹುದು. ಹತ್ತು ಸಲ ನೋಡಿ ಬರೆಯಿರಿ, ಹನ್ನೊಂದನೆಯ ಸಲ ನೋಡದೆ ಬರೆಯಿರಿ.

ಈ ಪತ್ರದಲ್ಲಿ ಮೇಮ್-ರೇಶ್-ಆಲೆಫ್-ನೂನ್ ಎಂದು ಬರೆದಿರುವ ‘ಮಾರನ್’ ಪದದ ಕೆಳಗೆ ಗೆರೆ ಎಳೆದಿಡಿರಿ. ‘ಮಾರ್’ ಎಂದರೆ ಒಡೆಯ, ಕೊನೆಯ ನೂನ್ ಎಂದರೆ ‘ನಮ್ಮ’. ಕೇರಳದಿಂದ ಬಂದು ಭದ್ರಾವತಿ, ನರಸಿಂಹರಾಜಪುರಗಳ ಸುತ್ತ ನೆಲೆಸಿದ ಸಿರಿಯನ್ ಕ್ರೈಸ್ತರು ತಮ್ಮ ಬಿಷಪ್ಪರ ಹೆಸರಿನ ಮುಂದೆ ಸೇರಿಸುವ ‘ಮಾರ್’ ಇದೇ ಪದ. ಅವರ ಪೂಜೆಯ ಹೆಸರಾದ ‘ಕುರ್ಬಾನ’ವೂ ಅರಾಮಿಕ್‌ನ ಒಂದು ಕವಲಾದ ಸಿರಿಯಕ್‌ನಿಂದ ಬಂದದ್ದು. ಮಲೆನಾಡಿನಲ್ಲಿ ಅರಾಮಿಕ್‌ನ ಜೀವಂತ ಪದವೊಂದನ್ನು ಕೇಳಲು ಬಹಳ ದೂರ ಹೋಗಬೇಕಾಗಿಲ್ಲ.

ಇನ್ನು ಕಂದಹಾರದ ಸಾಲು. ಒಳ್ಳೆಯ ಚಿತ್ರ ಆರಿಸಿಕೊಳ್ಳಿರಿ: ಬೆಳಕು ಓರೆಯಾಗಿ ಬಿದ್ದು ಅಕ್ಷರದ ತೋಡಿನಲ್ಲಿ ನೆರಳು ನಿಂತಿರುವ ಚಿತ್ರ. ತಾಳಗುಂದದ ಕಂಬದ ಮುಂದೆ ನಡುಹಗಲಿನಲ್ಲಿ ನಿಂತು ಏನೂ ಕಾಣದೆ, ಸಂಜೆಯ ಬಿಸಿಲಿನಲ್ಲಿ ಅದೇ ಅಕ್ಷರಗಳು ಎದ್ದು ಬಂದದ್ದನ್ನು ನೋಡಿದವರಿಗೆ ಈ ಮಾತು ತಿಳಿಯುತ್ತದೆ. ಗ್ರೀಕ್ ಭಾಗದ ಕೆಳಗೆ, ಬಲ ತುದಿಯಲ್ಲಿ, ಮೊದಲ ಪದ ಶ್-ನ್-ನ್: ವರ್ಷಗಳು. ನಮ್ಮ ಹಳೆಯ ಕಾಗದಪತ್ರಗಳಲ್ಲಿ ‘ಸನ್ 1890ನೇ ಇಸವಿ’ ಎಂದು ಬರೆಯುವ ‘ಸನ್’ ಅರಬ್ಬಿಯಿಂದ ಬಂದದ್ದು, ಇದರ ದಾಯಾದಿ. ಅದರ ಪಕ್ಕದಲ್ಲಿ ಹತ್ತರ ಅಂಕ. ಅರಾಮಿಕ್‌ನಲ್ಲಿ ಒಂದರಿಂದ ಒಂಬತ್ತರವರೆಗೆ ಮೂರು ಮೂರರ ಗುಂಪಾಗಿ ಕಡ್ಡಿ ಎಳೆದು ಎಣಿಸುತ್ತಾರೆ, ಹತ್ತಕ್ಕೂ ಇಪ್ಪತ್ತಕ್ಕೂ ಬೇರೆ ಗುರುತುಗಳಿವೆ. ಹತ್ತು ವರ್ಷ. ಮುಂದಿನ ಪದದ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಅದನ್ನು ಈಗ ದಾಟಿರಿ. ಆಮೇಲೆ ಬರುವ ‘ಅಯಿನ್-ಬೇತ್-ಯೋದ್-ದಾಲೆತ್’ ಎಂದರೆ ‘ಮಾಡಲಾಯಿತು’. ‘ಜೀ’ ಎಂಬುದು ನಿಮಗೆ ಗೊತ್ತಿದೆ. ಅದಾದ ಮೇಲೆ ಮೇಮ್, ರೇಶ್, ಆಲೆಫ್, ನೂನ್.

ಯೇಬಿನ ಅರ್ಜಿಯಲ್ಲಿ ಗೆರೆ ಎಳೆದಿಟ್ಟಿದ್ದ ಪದವೇ ಇದು. ಸುಮಾರು ನೂರೈವತ್ತು ವರ್ಷಗಳ ಅಂತರ, ನೈಲ್ ನದಿಯಿಂದ ಅಫ್ಘಾನಿಸ್ತಾನದವರೆಗಿನ ದೂರ, ನಡುವೆ ಒಂದು ಸಾಮ್ರಾಜ್ಯದ ಅಳಿವು. ಆದರೂ ಕಾಗುಣಿತದಲ್ಲಿ ಒಂದಕ್ಷರ ಬದಲಾಗಿಲ್ಲ. ಗುರುವಿನ ಮುಂದೆ ಕೂತು ಹಳೆಯ ಪತ್ರಗಳನ್ನು ನಕಲು ಮಾಡಿ ಕಲಿತವರ ಕೈ ಅದು, ನಾವು ಈಗ ಮಾಡುತ್ತಿರುವುದೂ ಅದನ್ನೇ. ಮುಂದಿನ ಪದದಲ್ಲಿ ಆ ಎರಡು ತಂಟೆಯ ಅಕ್ಷರಗಳೂ ಇವೆ: ಪೇ, ರೇಶ್, ಯೋದ್, ದಾಲೆತ್, ರೇಶ್, ಶೀನ್. ದಾಲೆತ್ ಯಾವುದು, ರೇಶ್ ಯಾವುದು ಎಂದು ಕಣ್ಣು ಹೇಳದಿದ್ದರೂ ಹೆಸರು ಹೇಳುತ್ತದೆ: ಪ್-ರ್-ಯ್-ದ್-ರ್-ಶ್, ಪ್ರಿಯದರ್ಶಿ. ಅದರ ಮುಂದೆ ‘ಮಲ್ಕಾ’. ‘ನಮ್ಮ ಒಡೆಯರಾದ ಪ್ರಿಯದರ್ಶಿ ದೊರೆಯವರು’. ಅನಂತರದ ಕೋಫ್-ಶೀನ್-ಯೋದ್-ತೇತ್-ಆಲೆಫ್ ಎಂಬುದು ‘ಸತ್ಯ’ ಎಂಬರ್ಥದ ಪದ. ಅಶೋಕನ ‘ಧಂಮ’ವನ್ನು ಅದೇ ಬಂಡೆಯ ಗ್ರೀಕ್ ಅನುವಾದಕ ‘ಭಕ್ತಿ’ ಎಂಬರ್ಥದ ಪದದಿಂದ ಹೇಳಿದರೆ, ಅರಾಮಿಕ್ ಗುಮಾಸ್ತ ‘ಸತ್ಯ’ ಎಂದು ಹೇಳಿದ್ದಾನೆ. ನನ್ನ ಮಟ್ಟಿಗೆ ಅರಾಮಿಕ್ ಆಯ್ಕೆಯೇ ಹೆಚ್ಚು ಹತ್ತಿರದ್ದೆನಿಸುತ್ತದೆ.

ಈ ಸಾಲು ಬಂದ ಮೇಲೆ ಉಳಿದದ್ದನ್ನು ನಿಘಂಟಿನ ನೆರವಿನಿಂದ ಮುಂದುವರಿಸಬಹುದು. ಅಮೆರಿಕದ ಹೀಬ್ರೂ ಯೂನಿಯನ್ ಕಾಲೇಜಿನ ಸಮಗ್ರ ಅರಾಮಿಕ್ ನಿಘಂಟು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ನಿಘಂಟಿನಲ್ಲಿ ಸಿಗದ ಪದ ಎದುರಾದರೆ ಅದು ಇರಾನಿ ಭಾಷೆಯ ಎರವಲು ಪದವೇ ಎಂದು ಪರೀಕ್ಷಿಸಿರಿ, ಈ ಶಾಸನದಲ್ಲಿ ಅಂಥವು ಹಲವಿವೆ. ದೊರೆಯ ಊಟಕ್ಕೆ ಕೊಲ್ಲುವ ಪ್ರಾಣಿಗಳು ಕಡಿಮೆಯಾದವು ಎಂಬ ಮಾತಿನ ನಂತರ ‘ನೂನಯ್ಯಾ’ ಎಂಬ ಪದ ಬರುತ್ತದೆ: ಮೀನುಗಳು. ಮೀನು ಹಿಡಿಯುವವರೂ ನಿಲ್ಲಿಸಿದರು ಎನ್ನುತ್ತದೆ ಶಾಸನ. ಮೊದಲ ಮಳೆಗೆ ಗದ್ದೆಯ ಅಂಚಿನಲ್ಲಿ ಹತ್ತುಮೀನಿಗಾಗಿ ಕಾಯುವ ಊರಿನಲ್ಲಿ ಕುಳಿತು ಆ ಪದವನ್ನು ಓದಿದಾಗ, ಅಕ್ಷರಮಾಲೆಯಲ್ಲಿ ಬಾಯಿಪಾಠ ಮಾಡಿದ ನೂನ್‌ಗೆ ಜೀವ ಬಂದಂತಾಗುತ್ತದೆ.

ಇಷ್ಟಾದ ಮೇಲೆ ಬ್ರಹ್ಮಗಿರಿಗೆ ಹೋಗಿರಿ. ಬಂಡೆಯ ಮೇಲೆ ಸೀಮೆಸುಣ್ಣ ತಿಕ್ಕುವುದು, ನೀರು ಸುರಿಯುವುದು ಬೇಡ. ಬೆಳಗಿನ ಅಥವಾ ಸಂಜೆಯ ಬೆಳಕು ಸಾಕು. ಬ್ರಾಹ್ಮಿಯ ಮೂಲದ ಬಗ್ಗೆ ಇನ್ನೂ ವಾದವಿದೆಯಾದರೂ ಖರೋಷ್ಠಿಯ ಬಗ್ಗೆ ಇಲ್ಲ. ಅದರ ನ, ಬ, ರ ಅಕ್ಷರಗಳಲ್ಲಿ ನೂನ್, ಬೇತ್, ರೇಶ್‌ಗಳ ಮುಖ ಕಾಣುತ್ತದೆ. ಚಪಡನ ಹೆಸರು ಮುಗಿದ ಮೇಲೆ ಓದುವ ದಿಕ್ಕನ್ನು ತಿರುಗಿಸಿ, ಬಲಗಡೆಯಿಂದ ಆರಂಭಿಸಿರಿ. ಐದು ಅಕ್ಷರಗಳು. ಅರಾಮಿಕ್‌ನಲ್ಲಿ ಇಲ್ಲದೆ ನಿಮ್ಮನ್ನು ಎರಡು ತಿಂಗಳು ಕಾಡಿದ ಸ್ವರಗಳನ್ನು ಗಂಧಾರದ ಕಡೆಯ ಲಿಪಿಕಾರರು ಹೇಗೆ ಸೇರಿಸಿಕೊಂಡರೆಂಬುದು ಇಲ್ಲಿ ಕಾಣುತ್ತದೆ: ವ್ಯಂಜನದ ಮೈಗೆ ಒಂದೊಂದು ಚಿಕ್ಕ ಗೀಟು, ನಮ್ಮ ಗುಡಿಸು, ಏತ್ವಗಳ ಹಾಗೆ. ಮೊದಲ ಎರಡು ಅಕ್ಷರಗಳಲ್ಲಿ ಇಕಾರದ ಗೀಟು, ಮೂರನೆಯದರಲ್ಲಿ ಏನೂ ಇಲ್ಲ, ನಾಲ್ಕನೆಯದರಲ್ಲಿ ಎಕಾರದ ಗೀಟು, ಕೊನೆಯದರಲ್ಲಿಯೂ ಗೀಟಿಲ್ಲ. ಲಿ, ಪಿ, ಕ, ರೇ, ಣ.